ಪಾಂಡವರಲ್ಲೊಬ್ಬ ಅಹಮದ್ ಖಾನ್

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮಗೆ ಆಟವೆಂದರೆ ಕಬಡ್ಡಿ, ವಾಲಿಬಾಲ್, ಆಮೇಲೆ ಕ್ರಿಕೆಟ್. ಫುಟ್‌ಬಾಲ್ ನೋಡಬೇಕಾದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೋ ಹುಣಸೂರು ತಾಲ್ಲೂಕಿನ ಗುರುಪುರಕ್ಕೋ ಹೋಗಬೇಕು. 1960ರ ದಶಕದಿಂದೀಚೆಗೆ ಇಲ್ಲಿ ನೆಲೆ ಕಂಡ ಟಿಬೆಟನ್ನರ ಮಕ್ಕಳು ಅಲ್ಲಿ ಚೆಂಡು ಒದೆಯುತ್ತಾರೆ. ನೆಲ ಕಳೆದುಕೊಂಡವರಿಗೆ ಆಟದ ಮೈದಾನವೇ ಎಷ್ಟೋ ಸಲ ಊರಾಗುತ್ತದೆ. ಇದಕ್ಕೆ ಹಳೆಯ ಸಾಕ್ಷಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್. ಆ ಕತೆಯಲ್ಲಿ ನಮ್ಮ ನಾಡಿನವರೊಬ್ಬರಿದ್ದಾರೆ, ಬೆಂಗಳೂರಿನ ಅಹಮದ್ ಖಾನ್.

1926ರಲ್ಲಿ ಹುಟ್ಟಿದ ಖಾನ್ ಬರಿಗಾಲಲ್ಲೇ ಆಟ ಕಲಿತರು. ಚೆಂಡು ಅವರ ಕಾಲಿನ ಮಾತು ಕೇಳುತ್ತಿದ್ದ ರೀತಿಗೆ 'ಹಾವಾಡಿಗ' ಎಂಬ ಹೆಸರೇ ಬಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಅಲ್ಲಿ ಭಾರತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಫ್ರಾನ್ಸ್‌ಗೆ 2-1ರಿಂದ ಸೋತಿತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮ ತಂಡಕ್ಕೆ 10 ಗೋಲು ಹೊಡೆಯಿತು. ಭಾರತದ ಒಂದೇ ಒಂದು ಗೋಲು ಖಾನ್ ಅವರದು.

ಅವರು ಈಸ್ಟ್ ಬೆಂಗಾಲ್ ಸೇರಿದ್ದು 1949ರಲ್ಲಿ. 1920ರಲ್ಲಿ ಹುಟ್ಟಿದ ಈ ಕ್ಲಬ್ ಪೂರ್ವ ಬಂಗಾಳದ ಮೂಲದವರದ್ದು. ದೇಶ ಇಬ್ಭಾಗವಾದ ಮೇಲೆ ಮನೆ, ಗದ್ದೆ, ಕೆರೆ ಬಿಟ್ಟು ಬಂದ ಹಿಂದೂ ನಿರಾಶ್ರಿತರ ಆಸರೆಯೂ ಅದೇ ಆಯಿತು. ಮುಸ್ಲಿಮರ ಹೆಮ್ಮೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಅದೇ ಊರಿನಲ್ಲಿತ್ತು. ಆದರೂ ಖಾನ್ ನಿರಾಶ್ರಿತರ ತಂಡದಲ್ಲಿ ನಿಂತರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್, ಸಾಲೆ ಎಂಬ ಐವರು ದಕ್ಷಿಣದ ಮುಂಚೂಣಿ ಆಟಗಾರರಿಗೆ ಆ ಜನ ಇಟ್ಟ ಹೆಸರು 'ಪಂಚಪಾಂಡವರು'. ಐವರಲ್ಲಿ ಇಬ್ಬರು ಮುಸ್ಲಿಮರು.

ಕಾಲ ಎಂಥದೆಂದು ನೆನೆಯೋಣ. 1950ರ ಆರಂಭದಲ್ಲಿ ಪೂರ್ವ ಪಾಕಿಸ್ತಾನದಲ್ಲೂ ಪಶ್ಚಿಮ ಬಂಗಾಳದಲ್ಲೂ ಗಲಭೆಗಳಾದವು. ನಿರಾಶ್ರಿತರು ಮತ್ತೆ ಹೊಳೆಯಂತೆ ಹರಿದು ಬಂದರು. ಏಪ್ರಿಲ್‌ನಲ್ಲಿ ನೆಹರೂ ಮತ್ತು ಲಿಯಾಖತ್ ಅಲಿ ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್ ಗೆದ್ದಿತು, ಐಎಫ್‌ಎ ಶೀಲ್ಡನ್ನೂ ಗೆದ್ದಿತು. 1949ರಿಂದ 1951ರವರೆಗೆ ಸತತ ಮೂರು ಸಲ ಶೀಲ್ಡ್ ಅವರದೇ. ಮತದ ಹೆಸರಿನಲ್ಲಿ ಊರು ಕಳೆದುಕೊಂಡವರು ಒಬ್ಬ ಅಹಮದನ ಕಾಲಿಗೆ ಚೆಂಡು ಬಂದಾಗ ಎದ್ದು ನಿಂತು ಕೂಗಿದರು.

ಫುಟ್‌ಬಾಲ್ ಗಲಭೆ ನಿಲ್ಲಿಸಿತೆಂದು ನಾವು ಹೇಳುತ್ತಿಲ್ಲ. ನಿಲ್ಲಿಸಲಿಲ್ಲ. ಆದರೆ ಗಾಯಗೊಂಡ ಜನರೆಲ್ಲ ದ್ವೇಷವನ್ನೇ ಆರಿಸಿಕೊಳ್ಳುತ್ತಾರೆಂಬ ಮಾತು ಸುಳ್ಳು ಎನ್ನಲು ಆ ಮೈದಾನ ಸಾಕು. ದ್ವೇಷಕ್ಕೆ ಅವರಿಗೆ ಕಾರಣಗಳಿದ್ದವು, ಆದರೂ ಖಾನ್ ಅವರನ್ನು ತಮ್ಮವರೆಂದರು.

ಹತ್ತು ವರ್ಷ ಅದೇ ಕ್ಲಬ್ಬಿಗೆ ಆಡಿ, 1959ರಲ್ಲಿ ಖಾನ್ ಆಟ ಬಿಟ್ಟರು. 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು. ನಮ್ಮ ಶಾಲೆಗಳ ಮಕ್ಕಳಿಗೆ ಕ್ರಿಕೆಟಿಗರ ಹೆಸರುಗಳು ಬಾಯಿಪಾಠ. ಆ ಸಾಲಿನಲ್ಲಿ ಈ ಬರಿಗಾಲ ಪಾಂಡವನಿಗೂ ಒಂದು ಜಾಗ ಕೊಡಿ ಎಂದು ಮೇಷ್ಟರುಗಳನ್ನು ಕೇಳಿಕೊಳ್ಳುತ್ತೇವೆ.