ಮಿರಗದ ಮಳಿ ವಾಸನಿ ಮತ್ತು 2009ರ ಒಂದು ತಂಡ



ಮಿರಗದ ಮೊದಲ ಮಳಿ ಬಿದ್ದಾಗ ನಮ್ಮ ಎರಿ ಹೊಲದಾಗ ಏಳೋ ವಾಸನಿ ಗೊತ್ತಲ್ರಿ? ಸೇಡಂ, ಚಿಂಚೋಳಿ ಕಡೆ ತೊಗರಿ ಹೊಲದಾಗ ಕೂಲಿ ಮಾಡಿದವರಿಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ. ಅದರಾಗ ದೊಡ್ಡ ಪಾಲು ಜಿಯೋಸ್ಮಿನ್ ಅನ್ನೋ ರಾಸಾಯನಿಕದ್ದು. ಮಣ್ಣಿನೊಳಗಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ಅದನ್ನ ತಯಾರಿಸ್ತಾವ.

2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ-ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ಆ ಜೀನನ್ನ ಇ. ಕೋಲೈ ಬ್ಯಾಕ್ಟೀರಿಯಾದೊಳಗ ಸೇರಿಸಿ, ಮಳಿ ವಾಸನಿ ಬರೋ ಹಂಗ ಮಾಡಿದರು. ಕಲಾವಿದ ಯಶಸ್ ಶೆಟ್ಟಿ ಅವರ ಮಾರ್ಗದರ್ಶನ, ಎನ್‌ಸಿಬಿಎಸ್ ವಿಜ್ಞಾನಿ ಮುಕುಂದ್ ತಟ್ಟೈ ಅವರ ನೆರವು. ಯೋಜನೆಯ ಹೆಸರು ‘ಟೀನೇಜ್ ಜೀನ್ ಪೊಯೆಮ್ಸ್’. ಅದನ್ನ ತಗೊಂಡು ಅಮೆರಿಕದ ಎಂಐಟಿಯಲ್ಲಿ ನಡೆದ ‘ಐಜೆಮ್’ ಸ್ಪರ್ಧೆಗೆ ಹೋದರು. 2004ರಲ್ಲಿ ಬರೀ 5 ತಂಡದಿಂದ ಶುರುವಾದ ಸ್ಪರ್ಧೆ ಅದು. 2009ಕ್ಕ ನೂರರ ಮ್ಯಾಲೆ ತಂಡ. 2006ರಲ್ಲೇ ಎನ್‌ಸಿಬಿಎಸ್ ತಂಡ ಹೋಗಿತ್ತು.

ನನಗ ಹಿಡಿಸಿದ್ದು ಒಂದೇ ಮಾತು: ಇವರು ಜೀವಶಾಸ್ತ್ರ ಓದಿದವರಲ್ಲ, ಚಿತ್ರ ಬರೆಯೋರು. ‘ನಿಮ್ಮ ಹುಡುಗರಿಗೆ ಬೇಸಿಕ್ಸೇ ಇಲ್ಲ’ ಅಂತ ನಮ್ಮನ್ನ ಲ್ಯಾಬಿನ ಬಾಗಿಲಿಗೇ ನಿಲ್ಲಿಸ್ತಾರಲ್ಲ, ಅವರಿಗೆ ಇದನ್ನ ತೋರಿಸ್ರಿ.

ಅದೇ 2009ರಲ್ಲಿ ನಮ್ಮ ಜಿಲ್ಲೆಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಗುಲಬರ್ಗಾ ವಿ.ವಿ. 1980ರದ್ದು. 371(ಜೆ) ಆಗಿದ್ದು 2012ರ ತಿದ್ದುಪಡಿಯಿಂದ. ಈ ತಾರೀಖುಗಳನ್ನ ಪಕ್ಕಪಕ್ಕ ಇಟ್ಟು ನೋಡ್ರಿ. ವಾಡಿಯ ಸಿಮೆಂಟು, ಶಹಾಬಾದಿನ ಪರ್ಸಿ, ಚಿತ್ತಾಪುರದ ತೊಗರಿ ಇಲ್ಲಿಂದ ಹೊರಗ ಹೋಗ್ಲಿಕ್ಕ ಇಷ್ಟು ವರ್ಷ ಹಿಡಿಲಿಲ್ಲ.

ವಾಸನಿ ಬಗ್ಗೆ ಇನ್ನೊಂದು. ಅಪ್ಪ ಪರ್ಸಿ ಖಣಿಯಾಗ ಇದ್ದ. ಅಂವ ಶಾಲಿಗೆ ನನ್ನ ಬಿಡಲಿಕ್ಕ ಬಂದ ದಿನ ಮಾಸ್ತರರೊಬ್ಬರು ಮೂಗು ಮುಚ್ಚಿಕೊಂಡರು, ‘ದೂರ ನಿಲ್ಲು’ ಅಂದರು. ಮಣ್ಣಿನ ವಾಸನಿ ಬಾಟಲಿಗೆ ಬಂದ್ರ ವಿಜ್ಞಾನ, ಕಲೆ. ನಮ್ಮ ಮೈಮ್ಯಾಲಿದ್ರ ಮೈಲಿಗೆ. ಆ ಹುಡುಗರ ತಪ್ಪು ಅಂತಲ್ಲ ಮತ್ತ, ಅವರ ಕೆಲಸದ ಬಗ್ಗೆ ಗೌರವ ಅದ.

ಅವ್ವಗ ಇದನ್ನ ಹೇಳಿದೆ. ‘ಬಾಟಲಿ ತೆಗೆದ್ರ ಮಳಿ ಬರ್ತದೇನು?’ ಅಂದಳು. ಇಲ್ಲವ್ವ, ವಾಸನಿ ಅಷ್ಟೇ ಅಂದೆ. ನಕ್ಕಳು.

ಐಜೆಮ್‌ಗೆ ಹೋಗಲಿಕ್ಕ ಲ್ಯಾಬು ಬೇಕು, ಒಬ್ಬ ಮಾರ್ಗದರ್ಶಕರು ಬೇಕು, ನೋಂದಣಿ ಶುಲ್ಕ ಡಾಲರಿನಾಗ ಕಟ್ಟಬೇಕು. ಹಳೇ ತಂಡಗಳ ದಾಖಲೆ ಮಾತ್ರ ಯಾರಾದ್ರೂ ಪುಕ್ಕಟೆ ಓದಬಹುದು. ನಮ್ಮ ಐದೂ ಊರಾಗ ಬಿ.ಎಸ್ಸಿ ಓದೋ ಮಕ್ಕಳು ಯಾರಿದ್ರೂ ಇನ್‌ಬಾಕ್ಸಿಗೆ ಬರ್ರಿ. ಕಲಬುರಗಿಯಾಗ ರವಿವಾರ ಕೂತು ಓದೋಣ. ಲ್ಯಾಬಿನಾಗ ಕೆಲಸ ಮಾಡಿದವರು ಯಾರಾದ್ರೂ ಕಲಿಸಲಿಕ್ಕ ಬಂದ್ರ ಬಸ್ ಚಾರ್ಜು ನಾವು ಕೊಡ್ತೀವಿ.