ಐಪಿ ಫೋನ್ ಮೊದಲು ಯಾವ ಸೆಟ್ಟಿಂಗ್ ನಂಬುತ್ತದೆ?

ನವಿ ಮುಂಬಯಿಯ ಐರೋಲಿ, ಮಹಾಪೆಯಿಂದ ಥಾಣೆ, ಡೊಂಬಿವಲಿ ಅಥವಾ ಕಲ್ಯಾಣಕ್ಕೆ ಕಚೇರಿ ಬದಲಾಯಿಸುವಾಗ ಐಪಿ ಫೋನನ್ನೂ ಕೊಂಡೊಯ್ಯುತ್ತೀರಾ? ಹೊಸ ಜಾಗದಲ್ಲಿ ಕೇಬಲ್ ಜೋಡಿಸಿದರೂ ಕೆಲವೊಮ್ಮೆ ಫೋನ್ ಕೆಲಸ ಮಾಡುವುದಿಲ್ಲ. ಕಾರಣ ಹಳೆಯ ಸೆಟ್ಟಿಂಗ್ ಇರಬಹುದು.

ಸೆಟ್ಟಿಂಗ್ ಬರುವುದು ಹೇಗೆ?

* ಆನ್ ಆದ ಫೋನಿಗೆ ಧ್ವನಿ ಕರೆಗಳ ವಿಎಲ್ಎಎನ್ ಯಾವುದೆಂದು ನೆಟ್‌ವರ್ಕ್ ಸ್ವಿಚ್ ಎಲ್ಎಲ್‌ಡಿಪಿ-ಎಂಇಡಿ ಮೂಲಕ ತಿಳಿಸುತ್ತದೆ.
* ಐಪಿ ವಿಳಾಸ, ಗೇಟ್‌ವೇ, ಡಿಎನ್ಎಸ್ ವಿವರ ಡಿಎಚ್‌ಸಿಪಿ ಸರ್ವರ್‌ನಿಂದ ಸಿಗುತ್ತದೆ.
* ಅದೇ ಉತ್ತರದ 66 ಅಥವಾ 150ನೇ ಆಪ್ಷನ್, ಕಾನ್ಫಿಗರೇಶನ್ ಫೈಲ್ ಇರುವ ಸರ್ವರ್‌ನ ವಿಳಾಸ ಕೊಡುತ್ತದೆ. ಎರಡೂ ಬಂದರೆ ಹಲವು ಸಿಸ್ಕೊ ಫೋನ್‌ಗಳು 150ನ್ನೇ ಆರಿಸುತ್ತವೆ.
* ಫೈಲ್ ಇಳಿಸಿಕೊಂಡ ಬಳಿಕ ಫೋನ್ ಕರೆ ಸರ್ವರ್‌ನಲ್ಲಿ ನೋಂದಣಿಯಾಗುತ್ತದೆ.

ಆದ್ಯತೆ ಯಾವುದಕ್ಕೆ?

ಸಾಮಾನ್ಯವಾಗಿ ಕೈಯಾರೆ ನಮೂದಿಸಿದ್ದಕ್ಕೆ ಮೊದಲ ಸ್ಥಾನ, ನಂತರ ನೆಟ್‌ವರ್ಕ್ ಕೊಟ್ಟಿದ್ದು, ಕೊನೆಗೆ ಕಾರ್ಖಾನೆಯ ಸೆಟ್ಟಿಂಗ್. ಬ್ರ್ಯಾಂಡ್‌ಗೆ ತಕ್ಕಂತೆ ಈ ಕ್ರಮ ಬದಲಾಗಬಹುದು. ಆದ್ದರಿಂದಲೇ ಐರೋಲಿಯಲ್ಲಿ ಟೈಪ್ ಮಾಡಿದ ಐಪಿ ವಿಳಾಸವನ್ನು ಫೋನ್ ಡೊಂಬಿವಲಿಯಲ್ಲೂ ಬಿಡುವುದಿಲ್ಲ.

ಏನು ಮಾಡಬೇಕು?

ನೋಂದಣಿಯಾಗದ ಫೋನಿನಿಂದ ತುರ್ತು ಸಂಖ್ಯೆ 112ಕ್ಕೂ ಕರೆ ಹೋಗದಿರಬಹುದು. ಹೀಗಾಗಿ ಸ್ಥಳಾಂತರಕ್ಕೆ ಮೊದಲೇ ಡಿಎಚ್‌ಸಿಪಿ ಆನ್ ಮಾಡಿ, ಹಳೆಯ ಸರ್ವರ್ ವಿಳಾಸ ಅಳಿಸಿ. ಫ್ಯಾಕ್ಟರಿ ರೀಸೆಟ್ ಮಾಡುವುದಾದರೆ ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಕೆಲಸ ಶುರುವಾಗುವ ಮುನ್ನ ಹೊರಗಿನ ಸಂಖ್ಯೆಗೆ ಒಮ್ಮೆ ಕರೆ ಮಾಡಿ ನೋಡಿ.