ಮೆಟ್ಕಾಫ್ ಸಾಹೇಬನೂ ನಿಜಾಮನ ಸಾಲವೂ

ಸಿಕಂದರಾಬಾದಿಗೆ ಆ ಹೆಸರು ಬಂದದ್ದು ಮೂರನೆಯ ನಿಜಾಮ ಸಿಕಂದರ್ ಜಾಹನಿಂದ ಎಂಬುದು ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹು ಮಂದಿಗೆ ತಿಳಿದ ವಿಷಯ. 1798ರ ಒಪ್ಪಂದದ ಮೇರೆಗೆ ಈಸ್ಟ್ ಇಂಡಿಯಾ ಕಂಪನಿಯ ದಂಡು ಹುಸೇನ್ ಸಾಗರದ ಉತ್ತರದ ಬಯಲಿನಲ್ಲಿ ಬೀಡು ಬಿಟ್ಟಿತು. 1806ರಲ್ಲಿ ಆ ದಂಡಿನ ಊರಿಗೆ ನಿಜಾಮನ ಹೆಸರನ್ನಿಟ್ಟರು. ಆದರೆ ಅದೇ ಸಿಕಂದರ್ ಜಾಹನ ಕಾಲದಲ್ಲಿ ರಾಜ್ಯವು ಎಂಥ ಸಾಲದಲ್ಲಿ ಮುಳುಗಿತ್ತು, ಆ ಸಾಲದ ಗಂಟನ್ನು ಬಿಚ್ಚಹೊರಟ ಇಂಗ್ಲಿಷ್ ರಾಯಭಾರಿಯೊಬ್ಬ ತನ್ನ ಒಡೆಯನನ್ನೇ ಹೇಗೆ ಎದುರು ಹಾಕಿಕೊಂಡ ಎಂಬ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ರಾಯಭಾರಿಯೇ ಸರ್ ಚಾರ್ಲ್ಸ್ ಥಿಯೋಫಿಲಸ್ ಮೆಟ್ಕಾಫ್. ಬೀದರ್, ಗುಲ್ಬರ್ಗಾ, ರಾಯಚೂರುಗಳಿಂದ ಬಂದ ನಮ್ಮ ಮನೆತನಗಳ ಹಿರಿಯರು ಕಂದಾಯ ಕಟ್ಟಿದ್ದು ಈ ಕಥೆಯ ರಾಜ್ಯಕ್ಕೇ. ಆದ್ದರಿಂದ ಇದು ನಮಗೆ ಪರರ ಕಥೆಯಲ್ಲ.

ಮನೆತನ ಮತ್ತು ಮೊದಲ ದಿನಗಳು

ಮೆಟ್ಕಾಫ್ ಹುಟ್ಟಿದ್ದು 1785ರ ಜನವರಿ 30ರಂದು, ಕಲ್ಕತ್ತೆಯಲ್ಲಿ. ತಂದೆ ಕಂಪನಿಯ ಸೈನ್ಯದಲ್ಲಿ ಮೇಜರ್ ಆಗಿದ್ದು ಹಣ ಗಳಿಸಿ ಸ್ವದೇಶಕ್ಕೆ ಮರಳಿ, ಕಂಪನಿಯ ನಿರ್ದೇಶಕರಲ್ಲೊಬ್ಬನಾದ. 1802ರಲ್ಲಿ ಬ್ಯಾರನೆಟ್ ಪದವಿಯನ್ನೂ ಪಡೆದ. ಬ್ಯಾರನೆಟ್ ಎಂದರೆ ತಂದೆಯಿಂದ ಮಗನಿಗೆ ಇಳಿದು ಬರುವ ‘ಸರ್’ ಬಿರುದು. ಚಾರ್ಲ್ಸ್ ಎರಡನೆಯ ಮಗ. ಇಂಗ್ಲೆಂಡಿನ ಸಿರಿವಂತರ ಮಕ್ಕಳು ಓದುತ್ತಿದ್ದ ಈಟನ್ ಶಾಲೆಯಲ್ಲಿ ಕಲಿತು, ಹದಿನಾರು ತುಂಬುವ ಮೊದಲೇ, 1801ರ ಆರಂಭದಲ್ಲಿ ಕಲ್ಕತ್ತೆಗೆ ಬಂದಿಳಿದ. ಗವರ್ನರ್ ಜನರಲ್ ವೆಲ್ಲೆಸ್ಲಿ ಆಗತಾನೆ ತೆರೆದಿದ್ದ ಫೋರ್ಟ್ ವಿಲಿಯಂ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಅವನೂ ಒಬ್ಬ.

ಇಪ್ಪತ್ತಮೂರರ ವಯಸ್ಸಿನಲ್ಲಿ, 1808ರಲ್ಲಿ, ಅವನನ್ನು ಪಂಜಾಬಿನ ಮಹಾರಾಜ ರಣಜಿತ್ ಸಿಂಗನ ಬಳಿಗೆ ರಾಯಭಾರಿಯಾಗಿ ಕಳುಹಿಸಿದರು. ರಣಜಿತ್ ಸಿಂಗನೂ ತರುಣನೇ, ಆದರೆ ರಾಜಕಾರಣದಲ್ಲಿ ಪಳಗಿದ ಹುಲಿ. ತಿಂಗಳುಗಟ್ಟಲೆ ಮಾತುಕತೆ ನಡೆದು 1809ರ ಏಪ್ರಿಲ್ 25ರಂದು ಅಮೃತಸರದ ಒಪ್ಪಂದವಾಯಿತು. ಸಟ್ಲೆಜ್ ನದಿಯೇ ಇಬ್ಬರಿಗೂ ಎಲ್ಲೆ ಎಂದು ನಿಶ್ಚಯವಾಯಿತು. ರಣಜಿತ್ ಸಿಂಗ್ ಬದುಕಿರುವವರೆಗೆ ಆ ಒಪ್ಪಂದ ಮುರಿಯಲಿಲ್ಲ. ಅನಂತರ 1811ರಿಂದ 1819ರವರೆಗೆ ಮೆಟ್ಕಾಫ್ ದೆಹಲಿಯ ರೆಸಿಡೆಂಟನಾಗಿದ್ದ. ಮೊಗಲ್ ಬಾದಶಹನಿಗೆ ಉಳಿದಿದ್ದದ್ದು ಹೆಸರೊಂದೇ. ಆಡಳಿತವೆಲ್ಲ ಈ ತರುಣನದು. ಹಳ್ಳಿಯ ಜನರ ನಡುವೆ ತಿರುಗಿ, ಕಂದಾಯದ ಲೆಕ್ಕವನ್ನು ಬೇರುಸಹಿತ ಅರಿಯುವ ಅಭ್ಯಾಸ ಅವನಿಗೆ ಆದದ್ದು ಅಲ್ಲಿಯೇ. ನಮ್ಮ ಹಳ್ಳಿಗಳು ಒಂದೊಂದೂ ಪುಟ್ಟ ಗಣರಾಜ್ಯದಂತೆ, ರಾಜವಂಶಗಳು ಬಂದು ಹೋದರೂ ಅವು ಉಳಿದಿವೆ ಎಂದು ಮುಂದೆ ಅವನು ಬರೆದ ಅಭಿಪ್ರಾಯ ಬಹಳ ಹೆಸರಾಯಿತು. ಕೆಲಕಾಲ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನ ಆಪ್ತ ಕಾರ್ಯದರ್ಶಿಯಾಗಿದ್ದು, 1820ರ ಕೊನೆಯಲ್ಲಿ ಹೈದರಾಬಾದಿನ ರೆಸಿಡೆಂಟನಾಗಿ ಬಂದ.

ಅವನು ಕಂಡ ಹೈದರಾಬಾದು

ಮೆಟ್ಕಾಫ್ ಬಂದಿಳಿದದ್ದು ಕೋಠಿಯ ರೆಸಿಡೆನ್ಸಿಯಲ್ಲಿ. ಹಿಂದಿನ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಎತ್ತರದ ಕಂಬಗಳ ಆ ಭವನದಲ್ಲಿ ಮುಂದೆ, 1949ರಿಂದ, ಮಹಿಳಾ ಕಾಲೇಜು ನಡೆಯಿತು. ನಮ್ಮ ಸಂಘದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಅಲ್ಲಿ ಓದಿದ್ದಾರೆ.

ಅರಮನೆಯಲ್ಲಿ ಸಿಕಂದರ್ ಜಾಹ್ ರಾಜ್ಯಭಾರದಲ್ಲಿ ಮನಸ್ಸಿಲ್ಲದೆ ಒಳಗೇ ಕುಳಿತಿದ್ದ. ಹೆಸರಿಗೆ ದಿವಾನನಾಗಿದ್ದವನು ಮುನೀರ್ ಉಲ್ ಮುಲ್ಕ್. ನಿಜವಾದ ಅಧಿಕಾರವಿದ್ದದ್ದು ಪೇಶ್ಕಾರ ರಾಜಾ ಚಂದೂಲಾಲನ ಕೈಯಲ್ಲಿ. ಚಂದೂಲಾಲ್ ಸಾಮಾನ್ಯನಲ್ಲ: ಲೆಕ್ಕಪತ್ರದಲ್ಲಿ ಚತುರ, ‘ಶಾದಾನ್’ ಎಂಬ ಹೆಸರಿನಿಂದ ಕಾವ್ಯ ಬರೆದ ಕವಿ, ಕವಿಗಳಿಗೆ ಆಶ್ರಯದಾತ, ದಾನದಲ್ಲಿ ಧಾರಾಳಿ. ಹಳೆಯ ನಗರದಲ್ಲಿ ಅವನ ಬಾರಾದರಿಯ ಹೆಸರು ಇಂದಿಗೂ ಉಳಿದಿದೆ. ಆದರೆ ಅವನ ಅಧಿಕಾರ ನಿಂತದ್ದು ಕಂಪನಿಯ ಬೆಂಬಲದ ಮೇಲೆ. ಆ ಬೆಂಬಲಕ್ಕೆ ಬೆಲೆಯಾಗಿ, ಹಿಂದಿನ ರೆಸಿಡೆಂಟ್ ಹೆನ್ರಿ ರಸೆಲ್ ಕಟ್ಟಿ ಬೆಳೆಸಿದ ಇಂಗ್ಲಿಷ್ ಅಧಿಕಾರಿಗಳ ದಂಡಿಗೆ ತಿಂಗಳು ತಪ್ಪದೆ ಸಂಬಳ ಒದಗಿಸಬೇಕಾಗಿತ್ತು. ದಂಡು ನಿಜಾಮನ ಹೆಸರಿನದು; ಅದರ ಹಗ್ಗ ರೆಸಿಡೆಂಟನ ಕೈಯಲ್ಲಿ.

ಹಣ ಬರುವುದೆಲ್ಲಿಂದ? ಜಿಲ್ಲೆಗಳ ಕಂದಾಯವನ್ನು ಗುತ್ತಿಗೆಗೆ ಕೊಡುವುದು ಆಗಿನ ಪದ್ಧತಿ. ಹೆಚ್ಚು ಹಣ ಮುಂಗಡ ಕೊಟ್ಟವನಿಗೆ ತಾಲೂಕು. ಅವನಿಗಿಂತ ಹೆಚ್ಚು ಕೊಡುವವನು ಬಂದರೆ ಮೊದಲಿನವನು ಹೊರಕ್ಕೆ. ಇಂದು ಇರುವ ಗುತ್ತಿಗೆ ನಾಳೆ ಇರುತ್ತದೆಂಬ ನಂಬಿಕೆ ಯಾರಿಗೂ ಇಲ್ಲದ್ದರಿಂದ, ಕೈಗೆ ಬಂದ ವರ್ಷದಲ್ಲೇ ರೈತನಿಂದ ಹಿಂಡುವಷ್ಟು ಹಿಂಡಿಕೊಳ್ಳುತ್ತಿದ್ದರು. ತಾಳಲಾರದೆ ಜನ ಊರು ಬಿಟ್ಟು ಹೋದರು, ಹೊಲಗಳು ಬೀಳು ಬಿದ್ದವು. ಕಂದಾಯ ಇಳಿದಷ್ಟೂ ಸಾಲ ಏರಿತು.

ಪಾಮರ್ ಕೋಠಿ

ಸಾಲ ಕೊಡಲು ರೆಸಿಡೆನ್ಸಿಯ ನೆರಳಿನಲ್ಲೇ ಒಂದು ಕೋಠಿಯಿತ್ತು. ಅದರ ಹೆಸರು ವಿಲಿಯಂ ಪಾಮರ್ ಅಂಡ್ ಕಂಪನಿ. ವಿಲಿಯಂ ಪಾಮರ್ ಇಂಗ್ಲಿಷ್ ಜನರಲ್ ಒಬ್ಬನಿಗೆ ಮುಸಲ್ಮಾನ ಬೇಗಂಳಲ್ಲಿ ಹುಟ್ಟಿದ ಮಗ. ನಿಜಾಮನ ಸೈನ್ಯದಲ್ಲಿದ್ದು, 1814ರ ಹೊತ್ತಿಗೆ ಲೇವಾದೇವಿಯ ಕೋಠಿ ತೆರೆದ. ಜನರ ಬಾಯಲ್ಲಿ ಅವನು ‘ಕಿಂಗ್ ಪಾಮರ್’. ಗುಜರಾತಿ ಸಾಹುಕಾರ ಬಂಕಟಿ ದಾಸ್ ಪಾಲುದಾರನಾಗಿದ್ದ. ಸರ್ ವಿಲಿಯಂ ರಂಬೋಲ್ಡ್ ಎಂಬ ಇನ್ನೊಬ್ಬ ಬ್ಯಾರನೆಟ್ ಕೂಡ ಬಂದು ಸೇರಿದ. ಈ ರಂಬೋಲ್ಡನ ಹೆಂಡತಿ ಗವರ್ನರ್ ಜನರಲ್ ಹೇಸ್ಟಿಂಗ್ಸನ ಆಶ್ರಯದಲ್ಲಿ ಬೆಳೆದವಳು. ಹೇಸ್ಟಿಂಗ್ಸನಿಗೆ ಅವಳು ಮಗಳ ಸಮಾನ.

ಯೂರೋಪಿಯನ್ನರು ದೇಶೀ ರಾಜರಿಗೆ ಸಾಲ ಕೊಡಬಾರದೆಂದು ಇಂಗ್ಲೆಂಡಿನ ಪಾರ್ಲಿಮೆಂಟೇ ಕಾನೂನು ಮಾಡಿತ್ತು. 1816ರಲ್ಲಿ ಕಲ್ಕತ್ತೆಯ ಸರ್ಕಾರ ಪಾಮರ್ ಕೋಠಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಬಡ್ಡಿ ನೂರಕ್ಕೆ ಇಪ್ಪತ್ತನಾಲ್ಕು, ಇಪ್ಪತ್ತೈದರವರೆಗೆ. ರೆಸಿಡೆನ್ಸಿಯ ಕೆಲವು ಅಧಿಕಾರಿಗಳ ಹಣವೂ ಅದೇ ಕೋಠಿಯಲ್ಲಿ ದುಡಿಯುತ್ತಿತ್ತು. 1820ರಲ್ಲಿ ಅರವತ್ತು ಲಕ್ಷ ರೂಪಾಯಿಗಳ ಹೊಸ ಸಾಲಕ್ಕೆ ಮಂಜೂರಾತಿ ದೊರೆಯಿತು. ಸೈನಿಕರ ಬಾಕಿ ತೀರಿಸಲು, ರೈತರ ಸಂಕಟ ಕಳೆಯಲು ಈ ಸಾಲ ಎಂದು ಕಾಗದದಲ್ಲಿ ಬರೆದಿತ್ತು.

ಮೆಟ್ಕಾಫ್ ಲೆಕ್ಕ ಬಿಚ್ಚಿಸಿ ನೋಡಿದ. ಅರವತ್ತು ಲಕ್ಷದಲ್ಲಿ ನಿಜಾಮನ ಖಾತೆಗೆ ಸಂದದ್ದು ಐವತ್ತೆರಡು ಲಕ್ಷ ಮಾತ್ರ. ಉಳಿದ ಎಂಟು ಲಕ್ಷ ಸಾಲ ಕೊಟ್ಟವರಿಗೇ ‘ಇನಾಮು’. ಐವತ್ತೆರಡರಲ್ಲೂ ಬಹುಪಾಲು ಹಳೆಯ ಬಾಕಿಯನ್ನು ಹೊಸ ಪುಟಕ್ಕೆ ಎತ್ತಿ ಬರೆದದ್ದು. ರೈತನ ಮನೆಗೆ ಬಂದದ್ದು ಏನೂ ಇಲ್ಲ.

ಒಡೆಯನ ವಿರುದ್ಧ

ಇಲ್ಲಿ ಮೆಟ್ಕಾಫನ ಮುಂದೆ ಎರಡು ದಾರಿಗಳಿದ್ದವು. ಕಣ್ಣು ಮುಚ್ಚಿಕೊಂಡಿದ್ದರೆ ಎಲ್ಲರಿಗೂ ಬೇಕಾದವನಾಗಿ ಇರಬಹುದಿತ್ತು. ಹೇಸ್ಟಿಂಗ್ಸ್ ಅವನ ಹಿತಚಿಂತಕ, ರಂಬೋಲ್ಡ್ ಪರಿಚಿತ. ಪಾಮರನ ಅಣ್ಣ ಕಲ್ಕತ್ತೆಯ ದೊಡ್ಡ ವರ್ತಕ ಜಾನ್ ಪಾಮರ್ ಅವನ ಸ್ನೇಹಿತ. ಆದರೂ ಅವನು ಲೇಖನಿ ಕೈಗೆತ್ತಿಕೊಂಡ. ಕಂಪನಿಯೇ ಕಡಮೆ ಬಡ್ಡಿಗೆ ಹಣ ಒದಗಿಸಿ ನಿಜಾಮನನ್ನು ಈ ಕೋಠಿಯಿಂದ ಬಿಡಿಸಬೇಕೆಂದು ಕಲ್ಕತ್ತೆಗೆ ಬರೆದ. ಹೇಸ್ಟಿಂಗ್ಸ್ ಕೆರಳಿದ. ತನ್ನ ಆಪ್ತರ ಮೇಲೆ ಕೆಸರೆರಚುವ ಕೆಲಸವಿದು ಎಂದು ಭಾವಿಸಿ ರೆಸಿಡೆಂಟನನ್ನು ಕಠಿಣವಾಗಿ ಆಕ್ಷೇಪಿಸಿದ. ಮೆಟ್ಕಾಫ್ ಹಿಂಜರಿಯಲಿಲ್ಲ, ಪತ್ರದ ಮೇಲೆ ಪತ್ರ ಬರೆದ. ಇದರ ನಡುವೆ, 1822ರಲ್ಲಿ ಅಣ್ಣ ತೀರಿಕೊಂಡು ಬ್ಯಾರನೆಟ್ ಪದವಿ ಇವನಿಗೆ ಬಂದು, ಇವನು ‘ಸರ್ ಚಾರ್ಲ್ಸ್’ ಆದ.

1823ರ ಜನವರಿಯಲ್ಲಿ ಹೇಸ್ಟಿಂಗ್ಸ್ ಹಿಂದೂಸ್ಥಾನ ಬಿಟ್ಟ ಮೇಲೆ ಗಾಳಿ ತಿರುಗಿತು. ಹಂಗಾಮಿ ಗವರ್ನರ್ ಜನರಲ್ ಜಾನ್ ಆಡಮ್ ಮೆಟ್ಕಾಫನ ಪಕ್ಷ ಹಿಡಿದ. ನಿಜಾಮನೊಡನೆ ಪಾಮರ್ ಕೋಠಿಯ ವ್ಯವಹಾರ ನಿಂತಿತು, ಸಾಲವನ್ನು ತೀರಿಸಲಾಯಿತು. ಅದಕ್ಕೆ ಹಣ ಬಂದ ಬಗೆಯನ್ನು ಗಮನಿಸಬೇಕು. ಕರಾವಳಿ ಆಂಧ್ರದ ಉತ್ತರ ಸರ್ಕಾರಗಳಿಗಾಗಿ ಕಂಪನಿಯು ನಿಜಾಮನಿಗೆ ಪ್ರತಿವರ್ಷ ಏಳು ಲಕ್ಷ ರೂಪಾಯಿ ಪೇಷ್‌ಕಷ್ ಕೊಡಬೇಕಾಗಿತ್ತು. ನೂರಕ್ಕೆ ಆರರ ಬಡ್ಡಿಯಂತೆ ಏಳು ಲಕ್ಷ ಹುಟ್ಟಬೇಕಾದರೆ ಅಸಲು 1,16,66,666 ರೂಪಾಯಿ. ಆ ಮೊತ್ತವನ್ನು ಒಮ್ಮೆಗೇ ಕೊಟ್ಟು, ಕಂಪನಿ ಆ ಪೇಷ್‌ಕಷನ್ನು ಶಾಶ್ವತವಾಗಿ ನಿಲ್ಲಿಸಿಬಿಟ್ಟಿತು. ನಿಜಾಮ ಸಾಹುಕಾರನ ಕೈಯಿಂದ ಪಾರಾದ. ಜೊತೆಗೆ ವರ್ಷ ವರ್ಷವೂ ಬರುತ್ತಿದ್ದ ಆದಾಯವನ್ನೂ ಕಳೆದುಕೊಂಡ. ಪಾಮರ್ ಕೋಠಿ 1824ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಹೈದರಾಬಾದಿನ ಕಾಗದಪತ್ರಗಳು ಲಂಡನ್ನಿನಲ್ಲಿ ಅಚ್ಚಾಗಿ, ಕಂಪನಿಯ ಸಭೆಗಳಲ್ಲಿ ದೊಡ್ಡ ವಾಗ್ವಾದಕ್ಕೆ ವಸ್ತುವಾದವು.

ಪಾಮರನೂ ಬರಿಯ ಖಳನಾಯಕನಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಗುತ್ತಿಗೆಯ ರಾಜ್ಯದಲ್ಲಿ ಇತರ ಸಾಹುಕಾರರ ಬಡ್ಡಿಯೂ ಕಡಮೆಯಿರಲಿಲ್ಲ. ಬಹು ಜನರಿಗೆ ಅವನ ಮೇಲೆ ಪ್ರೀತಿಯಿತ್ತು. ದಿವಾಳಿಯಾದ ಮೇಲೂ ಊರು ಬಿಡದೆ 1867ರಲ್ಲಿ ಸಾಯುವವರೆಗೆ ಹೈದರಾಬಾದಿನಲ್ಲೇ ಇದ್ದ. ಅವನ ಮಗಳು ಮೇರಿಯನ್ನು ಮದುವೆಯಾದವನೇ, ಸುರಪುರದ ಕನ್ನಡಿಗರು ಇಂದಿಗೂ ನೆನೆಯುವ ಮೆಡೋಸ್ ಟೇಲರ್.

ಹಳ್ಳಿಗಳಿಗೆ ಕೌಲು

ಮೆಟ್ಕಾಫ್ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ಸದ್ದಿಲ್ಲದ್ದು. ತಾನೇ ಜಿಲ್ಲೆಗಳಲ್ಲಿ ಸಂಚರಿಸಿ, ಜಿಲ್ಲೆಗೊಬ್ಬರಂತೆ ಇಂಗ್ಲಿಷ್ ಅಧಿಕಾರಿಗಳನ್ನು ಮೇಲ್ವಿಚಾರಣೆಗೆ ಇಟ್ಟ. ಊರಿನ ಪಟೇಲರನ್ನೂ ರೈತರನ್ನೂ ಕೂರಿಸಿಕೊಂಡು, ಹಲವು ವರ್ಷಗಳಿಗೆ ಇಷ್ಟೇ ಕಂದಾಯ ಎಂದು ಗೊತ್ತುಮಾಡಿ ಕೌಲು ಬರೆಸಿಕೊಟ್ಟರು. ಕೌಲಿನಲ್ಲಿ ಬರೆದುದಕ್ಕಿಂತ ಹೆಚ್ಚು ಕೇಳಿದರೆ ರೈತ ಆ ಅಧಿಕಾರಿಯ ಬಳಿ ದೂರಬಹುದು. ಓಡಿ ಹೋಗಿದ್ದ ಜನ ಮರಳಿ ಬಂದು ಬೀಳು ಭೂಮಿ ಹಸನು ಮಾಡಿದರು.

ಪರರಾಜ್ಯದ ಒಳ ಆಡಳಿತದಲ್ಲಿ ಕೈ ಹಾಕುವುದು ಸರಿಯೇ ಎಂಬ ಪ್ರಶ್ನೆ ಅವನಿಗೂ ಹುಟ್ಟದೆ ಇರಲಿಲ್ಲ. ಅದಕ್ಕೆ ಅವನು ಕೊಟ್ಟುಕೊಂಡ ಉತ್ತರದಲ್ಲಿ ಒಂದು ಪ್ರಾಮಾಣಿಕತೆ ಇದೆ. ಈ ಮಂತ್ರಿಯನ್ನು ಗದ್ದುಗೆಯಲ್ಲಿ ಉಳಿಸಿರುವುದು ನಮ್ಮ ಬಲ, ಆದ್ದರಿಂದ ಅವನಿಂದ ಜನರಿಗೆ ಆಗುವ ಅನ್ಯಾಯಕ್ಕೆ ನಾವೂ ಹೊಣೆ ಎಂಬುದೇ ಅವನ ವಾದ. ಆದರೆ ಅದೇ ವಾದವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ, ಆ ಬಲವೇ ಇಲ್ಲಿ ಏಕೆ ಇರಬೇಕು, ಆ ದಂಡಿನ ವೆಚ್ಚ ರೈತನ ಮೇಲೆ ಏಕೆ ಬೀಳಬೇಕು ಎಂಬ ಪ್ರಶ್ನೆ ಏಳುತ್ತದೆ. ಸಾಹುಕಾರ ಹೋದ, ದಂಡು ಉಳಿಯಿತು.

1825ರಲ್ಲಿ ಮೆಟ್ಕಾಫ್ ದೆಹಲಿಗೆ ಮರಳಿದ. 1829ರಲ್ಲಿ ಸಿಕಂದರ್ ಜಾಹ್ ತೀರಿಕೊಂಡು ನಾಸಿರುದ್ದೌಲಾ ಪಟ್ಟಕ್ಕೆ ಬಂದಾಗ, ಜಿಲ್ಲೆಗಳಿಂದ ಇಂಗ್ಲಿಷ್ ಅಧಿಕಾರಿಗಳನ್ನು ತೆಗೆಯಬೇಕೆಂದು ಕೇಳಿದ. ಬೆಂಟಿಂಕ್ ಒಪ್ಪಿದ. ಸ್ವಾಭಿಮಾನಿಯಾದ ಅರಸು ಹಾಗೆ ಕೇಳಿದ್ದು ಸಹಜವೇ. ಆದರೆ ಕೌಲಿಗೆ ಕಾವಲಾಗಿದ್ದವರು ಹೋದೊಡನೆ ಹಳೆಯ ಗುತ್ತಿಗೆ ಪದ್ಧತಿ ಮರಳಿತು. ಚಂದೂಲಾಲ್ 1843ರವರೆಗೆ ಅಧಿಕಾರದಲ್ಲಿದ್ದ.

ರಾಯಚೂರಿಗೆ ತಟ್ಟಿದ ಬಿಸಿ

ದಂಡಿನ ಸಂಬಳದ ಬಾಕಿ ಬೆಳೆಯುತ್ತಲೇ ಹೋಯಿತು. ಈ ಬಾರಿ ಸಾಲ ಕೊಟ್ಟವರು ಪಾಮರನಂಥವರಲ್ಲ, ಸ್ವತಃ ಕಂಪನಿ. 1853ರಲ್ಲಿ ಡಾಲ್‌ಹೌಸಿ ಆ ಬಾಕಿಯ ಹೆಸರಿನಲ್ಲಿ ವರಾಡ, ನಳದುರ್ಗ ಮತ್ತು ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ರಾಯಚೂರು ದೋಆಬನ್ನು ಕಂಪನಿಯ ಆಡಳಿತಕ್ಕೆ ಬರೆಸಿಕೊಂಡ. ವಿಜಯನಗರದವರೂ ಬಹಮನಿಗಳೂ ಯಾವ ನೆಲಕ್ಕಾಗಿ ತಲೆಮಾರುಗಳ ಕಾಲ ಯುದ್ಧ ಮಾಡಿದರೋ, ಆ ನೆಲ ಒಂದು ಬಾಕಿಯ ಚೀಟಿಗೆ ಕೈ ಬದಲಾಯಿಸಿತು. ಅಲ್ಲಿಯವರೆಗೆ ಸುರಪುರದಲ್ಲಿದ್ದ ಟೇಲರ್‌ನನ್ನು ಆ ವರ್ಷ ನಳದುರ್ಗದ ಜಿಲ್ಲೆಗೆ ಕಳುಹಿಸಿದರು.

1857–58ರ ದಂಗೆಯಲ್ಲಿ ನಿಜಾಮ ಇಂಗ್ಲಿಷರ ಪಕ್ಷದಲ್ಲಿ ನಿಂತದ್ದಕ್ಕೆ 1860ರಲ್ಲಿ ರಾಯಚೂರು ದೋಆಬನ್ನೂ ನಳದುರ್ಗವನ್ನೂ ಹಿಂದಕ್ಕೆ ಕೊಟ್ಟರು, ಐವತ್ತು ಲಕ್ಷದ ಸಾಲವನ್ನು ಬಿಟ್ಟರು. ದಂಗೆಯೆದ್ದ ವೆಂಕಟಪ್ಪ ನಾಯಕನ ಸುರಪುರವನ್ನೂ ಆಗಲೇ ನಿಜಾಮನಿಗೆ ಸೇರಿಸಿದರು. ವರಾಡ ಮಾತ್ರ ಮರಳಿ ಬರಲಿಲ್ಲ. ರಾಯಚೂರಿನ ರೈತ ಏಳು ವರ್ಷಗಳಲ್ಲಿ ಎರಡು ಬಾರಿ ಒಡೆಯರನ್ನು ಬದಲಿಸಿದ. ಎರಡು ಬಾರಿಯೂ ಅವನನ್ನು ಯಾರೂ ಕೇಳಲಿಲ್ಲ.

ಉಳಿದ ಬಾಳು

ಮೆಟ್ಕಾಫನ ಮುಂದಿನ ಬಾಳನ್ನು ಚಿಕ್ಕದಾಗಿ ಹೇಳಬಹುದು. 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಆದ. ಪತ್ರಿಕೆ ಹೊರಡಿಸಲು ಸರ್ಕಾರದ ಪರವಾನಗಿ ಬೇಕೆಂಬ 1823ರ ಕಟ್ಟಳೆಯನ್ನು ಆ ವರ್ಷವೇ ಕಿತ್ತುಹಾಕಿದ. ಆ ಕಟ್ಟಳೆ ಮಾಡಿದ್ದವನು ಪಾಮರ್ ಪ್ರಕರಣದಲ್ಲಿ ಅವನಿಗೆ ಬೆಂಬಲವಾಗಿ ನಿಂತಿದ್ದ ಜಾನ್ ಆಡಮನೇ! ಕಂಪನಿಯ ನಿರ್ದೇಶಕರಿಗೆ ಇದು ಹಿಡಿಸಲಿಲ್ಲ. ಮದರಾಸಿನ ಗವರ್ನರ್ ಪದವಿ ಕೈತಪ್ಪಿತು, ಅವನು 1838ರಲ್ಲಿ ರಾಜೀನಾಮೆಯಿತ್ತು ಹೊರಟ. ಜಮೈಕಾದ ಗವರ್ನರ್, ಕೆನಡಾದ ಗವರ್ನರ್ ಜನರಲ್, 1845ರಲ್ಲಿ ‘ಲಾರ್ಡ್ ಮೆಟ್ಕಾಫ್’. ಆದರೆ ಕೆನ್ನೆಯ ಕ್ಯಾನ್ಸರಿನಿಂದ ನರಳಿ 1846ರ ಸೆಪ್ಟೆಂಬರ್ 5ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡ. ವಿಧಿಪೂರ್ವಕ ಮದುವೆಯಾಗಿರಲಿಲ್ಲ, ಭಾರತೀಯ ಸ್ತ್ರೀಯಲ್ಲಿ ಮೂವರು ಗಂಡುಮಕ್ಕಳಿದ್ದರು. ಆ ಮಕ್ಕಳಿಗೆ ತಂದೆಯ ಬಿರುದು ಸಲ್ಲುವಂತಿರಲಿಲ್ಲ. ಬ್ಯಾರನೆಟ್ ಪದವಿ ತಮ್ಮನಿಗೆ ಹೋಯಿತು, ಲಾರ್ಡ್ ಪದವಿ ಅವನೊಂದಿಗೇ ಮುಗಿಯಿತು.

ಪತ್ರಿಕೆಗಳಿಗೆ ಬಿಡುಗಡೆ ಸಿಕ್ಕ ಎಂಟು ವರ್ಷಕ್ಕೆ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಪರಭಾಷೆಯ ನಾಡಿನಲ್ಲಿದ್ದು ಕನ್ನಡದಲ್ಲಿ ಮಾಸಪತ್ರಿಕೆ ಅಚ್ಚು ಹಾಕಿಸುವ ನಮಗೆ ಆ ಕಾನೂನಿನ ಬೆಲೆ ತಿಳಿಯದ್ದೇನಲ್ಲ.

ಮೆಟ್ಕಾಫನ ಎರಡು ಕೆಲಸಗಳಲ್ಲಿ ಎರಡು ಪಾಠಗಳಿವೆ. ತನ್ನವರೇ ಮಾಡಿದ ಅನ್ಯಾಯವನ್ನು ಲೆಕ್ಕವಿಟ್ಟು ತೋರಿಸಲು ಧೈರ್ಯ ಬೇಕು, ಅದು ಅವನಲ್ಲಿತ್ತು. ಆದರೆ ರೆಸಿಡೆನ್ಸಿಯ ಮೇಲ್ಮಾಳಿಗೆಯಿಂದ ಇಳಿದು ಬಂದ ನ್ಯಾಯ, ಕೊಟ್ಟವನು ಊರು ಬಿಟ್ಟಾಗ ತಾನೂ ಹೊರಟುಹೋಯಿತು. ಹಳ್ಳಿಗಳನ್ನು ಗಣರಾಜ್ಯವೆಂದು ಹೊಗಳಿದವನ ಕೈಯಲ್ಲೂ ಆ ಹಳ್ಳಿಗಳಿಗೆ ತಮ್ಮ ಕೌಲನ್ನು ತಾವೇ ಕಾಯ್ದುಕೊಳ್ಳುವ ಅಧಿಕಾರ ದೊರೆಯಲಿಲ್ಲ. ಅದು ದೊರೆಯಲು 1948ರ ಸೆಪ್ಟೆಂಬರ್ ಬರಬೇಕಾಯಿತು. ಅದಕ್ಕಾಗಿ ಹೋರಾಡಿದವರಲ್ಲಿ ರಾಯಚೂರು, ಗುಲ್ಬರ್ಗಾ, ಬೀದರಿನ ನಮ್ಮ ಜನರೂ ಇದ್ದರು.